‘ಕೈ ಬೆಳೆಯುತ್ತೆ’ ಎಂದ ವಾದ್ಯದಂಗಡಿಯ ಯಜಮಾನರಿಗೆ

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ, ಕೆಳದವಡೆಯ ಬಲಗಡೆಯ ಕೊನೆಯ ಹಲ್ಲೊಂದನ್ನು ಬಿಟ್ಟು. ಆ ಹಲ್ಲಿನ ಕ್ಷೇಮಸಮಾಚಾರ ತಮಗಿಂತ ನನಗೇ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಸದ್ಯಕ್ಕೆ ಬದಿಗಿಡೋಣ. ತಮ್ಮ ಅಂಗಡಿಯ ಎದುರು ಸಾಲಿನಲ್ಲಿ, ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತಿರುವ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಒಂದು ಪ್ರತಿಯನ್ನು ತಮ್ಮ ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸಿದ್ದೇನೆ, ಇನ್ನೊಂದನ್ನು ನನ್ನ ಕಾಯುವ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಹಲ್ಲುನೋವಿನವರು ಏನು ಕೊಟ್ಟರೂ ಓದುತ್ತಾರೆ, ಮತ್ತು ಯಾರು ಯಾರ ಮೇಲೆ ಸಿಟ್ಟಾಗಿದ್ದರೂ ಸಿಟ್ಟಾದವರ ಪಕ್ಷವನ್ನೇ ವಹಿಸುತ್ತಾರೆ ಎಂಬುದು ನನ್ನ ಅನುಭವ.

ಮೊದಲು ನಾನು ತಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದು ಏತಕ್ಕೆ ಎಂಬುದನ್ನು ನಿವೇದಿಸಿಕೊಳ್ಳುತ್ತೇನೆ, ಏಕೆಂದರೆ ಆ ದಿನ ತಾವು ಅದನ್ನು ಕೇಳುವ ಗೋಜಿಗೆ ಹೋಗಲಿಲ್ಲ. ನನ್ನ ಚಿಕ್ಕಮ್ಮ ನೂಲಿನ ಗಿರಣಿಯಲ್ಲಿ ಆಯಸ್ಸಿನ ಮುಕ್ಕಾಲು ಪಾಲು ದುಡಿದವರು, ಆ ಯಂತ್ರಗಳ ಗದ್ದಲವನ್ನು ಮೀರಿ ಹಾಡಿ ಹಾಡಿಯೇ ಗಂಟಲನ್ನು ಪಳಗಿಸಿಕೊಂಡವರು, ಕೊನೆಗೆ ಅದೇ ಗದ್ದಲಕ್ಕೆ ಅರ್ಧ ಕಿವಿಯನ್ನು ಒಪ್ಪಿಸಿ ನಿವೃತ್ತರಾದವರು. ಸಣ್ಣಗಿನ, ಚುರುಕಾದ ಸದ್ದುಗಳು ಯಾವುವೂ ಅವರಿಗೆ ಈಗ ಕೇಳುವುದಿಲ್ಲ. ಕರೆಗಂಟೆ ಹೋಯಿತು, ಚಮಚದ ಸದ್ದು ಹೋಯಿತು, ಗುಬ್ಬಿ ಹೋಯಿತು, ನನ್ನ ಅತ್ತಿಗೆಯ ಮಾತೂ ಹೋಯಿತು, ಆದರೆ ಈ ಕೊನೆಯದನ್ನು ಅವರು ನಷ್ಟವೆಂದು ಎಂದೂ ಹೇಳಿಕೊಂಡಿಲ್ಲ. ದಪ್ಪ ಸದ್ದುಗಳು ಮಾತ್ರ ಇನ್ನೂ ಅವರನ್ನು ಬಿಟ್ಟು ಹೋಗಿಲ್ಲ: ರಸ್ತೆಯ ಲಾರಿ, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಗಂಡಸರ ಕೆಮ್ಮು.

ನಮ್ಮದೊಂದು ಮನೆಮಟ್ಟದ ವಾದ್ಯಗೋಷ್ಠಿಯಿದೆ. ನನ್ನ ಅಣ್ಣ ಡ್ರಮ್ ಬಾರಿಸುತ್ತಾನೆ. ಅವನು ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು, ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಅವನ ಕಾಲಿಗೆ ಅದೇ ಅಭ್ಯಾಸವಾಗಿ, ಹಾಡು ಸ್ವಲ್ಪ ಓಟ ಹಿಡಿದರೆ ಸಾಕು, ತಾನಾಗಿಯೇ ನಿಧಾನವಾಗಿಬಿಡುತ್ತದೆ. ಅತ್ತಿಗೆ ಕೀಬೋರ್ಡ್ ನುಡಿಸುತ್ತಾಳೆ. ಹಾಡುವುದು ಚಿಕ್ಕಮ್ಮ, ಅಂದರೆ ಹಾಡುತ್ತಿದ್ದವರು ಚಿಕ್ಕಮ್ಮ. ಕೀಬೋರ್ಡಿನ ಸ್ವರ ಕಿವಿಗೆ ಬೀಳದೆ ಶ್ರುತಿ ಎಲ್ಲಿದೆ ಎಂದು ಗೊತ್ತಾಗದೆ ಅವರು ನಡುನಡುವೆ ತಡವರಿಸತೊಡಗಿದರು, ಆಮೇಲೆ ಗಂಟಲು ಕಟ್ಟಿದೆ ಎಂದರು, ಆಮೇಲೆ ಮೊಣಕಾಲು ನೋವು ಎಂದರು. ಮೊಣಕಾಲಿಗೂ ಹಾಡಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಚಿಕ್ಕಮ್ಮ ಫ್ರಿಜ್ಜಿಗೆ ಬೆನ್ನು ಆನಿಸಿಕೊಂಡು ತರಕಾರಿ ಹೆಚ್ಚುತ್ತ, ಯಾರೂ ಕೇಳುತ್ತಿಲ್ಲ ಎಂಬ ಧೈರ್ಯದಲ್ಲಿ, ಪೂರ್ತಿ ಒಂದು ಹಾಡನ್ನು ಎಳ್ಳಷ್ಟೂ ಅಪಶ್ರುತಿಯಿಲ್ಲದೆ ಹಾಡಿದರು. ಫ್ರಿಜ್ಜು ಗುಂಯ್ ಅನ್ನುವ ಸ್ವರಕ್ಕೇ ಹಾಡಿದರು. ಫ್ರಿಜ್ಜು ನಿಂತಿತು, ಅವರೂ ನಿಲ್ಲಿಸಿದರು. ಫ್ರಿಜ್ಜು ಮತ್ತೆ ಶುರುವಾಯಿತು, ಅವರೂ ಎತ್ತಿಕೊಂಡರು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಆ ಕ್ಷಣ ನಗುವೂ ಬಂತು, ಅಳುವೂ ಬಂತು, ಜೊತೆಗೆ ಬುದ್ಧಿಯೂ ಬಂತು. ಈ ಮನೆಯಲ್ಲಿ ಯಾರಾದರೊಬ್ಬರು ಫ್ರಿಜ್ಜಾಗಬೇಕು. ಅಣ್ಣ ಅತ್ತಿಗೆ ಆಗಲೇ ಬೇರೆ ಬೇರೆ ಉಪಕರಣಗಳಾಗಿದ್ದುದರಿಂದ ಆ ಹೊಣೆ ನನ್ನ ಹೆಗಲಿಗೆ ಬಿತ್ತು, ಮತ್ತು ಸಂಗೀತದಲ್ಲಿ ಫ್ರಿಜ್ಜಿನ ಕೆಲಸ ಮಾಡುವುದು ದಪ್ಪ ಸ್ವರದ ಬೇಸ್ ಗಿಟಾರ್ ಎಂದು ತಿಳಿದುಕೊಂಡು ನಾನು ತಮ್ಮಲ್ಲಿಗೆ ಬಂದೆ.

ಮಾನ್ಯರೇ, ನನ್ನ ಕೈ ಚಿಕ್ಕದು. ಇದನ್ನು ನಾನು ದೂರಿನ ರೂಪದಲ್ಲಿ ಹೇಳುತ್ತಿಲ್ಲ. ಈ ಬೀದಿಯ ಅರ್ಧಕ್ಕರ್ಧ ಜನ ನನ್ನ ಮುಂದೆ ಬಾಯಿ ತೆರೆಯುವುದು ಈ ಕೈ ಚಿಕ್ಕದು ಎಂಬ ಒಂದೇ ಕಾರಣಕ್ಕೆ, ಮತ್ತು ಆ ಅರ್ಧದಲ್ಲಿ ತಾವೂ ಒಬ್ಬರು. ಕಳೆದ ಸಲ ತಮ್ಮ ದವಡೆಯ ಮೂಲೆಯವರೆಗೆ ನನ್ನ ಬೆರಳು ಹೋಗಿ ಬಂದಾಗ ಗೊತ್ತೇ ಆಗಲಿಲ್ಲವೆಂದು ತಾವೇ ಮೆಚ್ಚಿ ಮಾತನಾಡಿದ್ದು ತಮಗೆ ನೆನಪಿರಬಹುದು. ಹೀಗೆ ನನ್ನ ಕೈಯ ಅಳತೆಯನ್ನು ಬಾಯಾರೆ ಬಲ್ಲ ತಾವು, ನಾನು ಮೂಲೆಯಲ್ಲಿ ತೂಗುತ್ತಿದ್ದ ಒಂದು ಗಿಡ್ಡ ಬೇಸ್ ಗಿಟಾರ್ ಕಡೆ ಬೆರಳು ತೋರಿಸಿದಾಗ, ಅದು ಮಕ್ಕಳದು ಎಂದು ತಳ್ಳಿಹಾಕಿ, ಉದ್ದನೆಯದೊಂದನ್ನು ನನ್ನ ಕೊರಳಿಗೆ ತೂಗುಹಾಕಿದಿರಿ. ಅದರ ಕತ್ತಿನ ಮೇಲೆ ಬೆರಳಿಡಲು ಪಟ್ಟಿ ಹೊಡೆದು ಮಾಡಿದ ಮನೆಗಳಲ್ಲಿ ಮೊದಲ ಮನೆಯಿಂದ ನಾಲ್ಕನೆಯ ಮನೆಗೆ ನನ್ನ ಬೆರಳು ಚಾಚಿಯೂ ಮುಟ್ಟುವುದಿಲ್ಲವಲ್ಲ ಎಂದು ತೋರಿಸಿದೆ. ಆಗ ತಾವು ಗಲ್ಲದ ಕೆಳಗೆ ಕೈಯಿಟ್ಟು, ಬಹಳ ಯೋಚಿಸಿದವರಂತೆ, “ಪರವಾಗಿಲ್ಲ ಮೇಡಂ, ನುಡಿಸ್ತಾ ನುಡಿಸ್ತಾ ಕೈ ಬೆಳೆಯುತ್ತೆ” ಎಂದು ಅಪ್ಪಣೆ ಕೊಡಿಸಿದಿರಿ.

ನಾನು ಐವತ್ತು ದಾಟಿದವಳು. ವೈದ್ಯಕೀಯ ಓದಿದವಳು. ಆದರೂ ತಮ್ಮ ಮಾತಿನಲ್ಲಿದ್ದ ವಿಶ್ವಾಸ ಎಂಥದ್ದೆಂದರೆ ಒಂದು ವಾರ ನಾನು ಬೆಳಗ್ಗೆ ಎದ್ದು ಕೈ ನೋಡಿಕೊಂಡೆ. ಈ ವಯಸ್ಸಿನಲ್ಲಿ ಮೂಳೆ ಬೆಳೆಯುತ್ತದೆ ಎಂಬ ತಮ್ಮ ಸಂಶೋಧನೆಯನ್ನು ತಾವು ಅಂಗಡಿಯ ನಾಲ್ಕು ಗೋಡೆಗಳ ನಡುವೆ ಬಚ್ಚಿಡದೆ, ವೈದ್ಯಲೋಕದ ಮುಂದಿಟ್ಟು ಉಪಕರಿಸಬೇಕೆಂದು ಈ ಮೂಲಕ ಪ್ರಾರ್ಥಿಸುತ್ತೇನೆ. ಕೈ ಬೆಳೆಯುವುದಾದರೆ ಕುಳ್ಳಗಿರುವ ನನ್ನ ಅಣ್ಣನಿಗೂ ಉದ್ದನೆಯದೊಂದು ವಾದ್ಯ ಕೊಡಿಸೋಣವೆಂದಿದ್ದೇನೆ.

ಆ ಉದ್ದನೆಯ ವಾದ್ಯ ನಮ್ಮ ಮನೆಯಲ್ಲಿದ್ದಷ್ಟು ದಿನ ಮಾಡಿದ ಉಪಕಾರವನ್ನು ಎಷ್ಟೆಂದು ಹೇಳಲಿ! ಅದರ ತಲೆ ಒಂದು ಕಡೆ ತಿರುಗಿದರೆ ಮೇಜಿನ ದೀಪ ಬಿತ್ತು, ಇನ್ನೊಂದು ಕಡೆ ತಿರುಗಿದರೆ ಅತ್ತಿಗೆ ತಲೆ ಬಗ್ಗಿಸಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನಮ್ಮ ಮನೆಯಲ್ಲಿ ತಲೆ ಬಗ್ಗಿಸಿದ್ದು ಅದೇ ಮೊದಲು ಎಂದು ಅಣ್ಣ ಖುಷಿಪಟ್ಟ. ನನ್ನ ಎಡಭುಜ ಹಿಡಿದುಕೊಂಡಿತು, ಮಣಿಕಟ್ಟು ಊದಿತು, ಹಲ್ಲು ಕೀಳುವ ಬಲಗೈ ಒಂದೇ ದೇವರ ದಯೆಯಿಂದ ಉಳಿದುಕೊಂಡಿತು. ಇವನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಬೆರಳಿಗೆ ಎಟುಕದ ಮನೆಗೆ ಕೈಯನ್ನೇ ಎತ್ತಿ ಹಾರಿಸಬೇಕಾಗಿ, ಪ್ರತಿಯೊಂದು ಸ್ವರವೂ ತಡವಾಗಿ ಬರುತ್ತಿತ್ತು, ಮತ್ತು ಆ ಸ್ವರಕ್ಕಾಗಿ ಚಿಕ್ಕಮ್ಮ ಬಾಯಿ ತೆರೆದು ಕಾಯುತ್ತ ನಿಲ್ಲಬೇಕಾಗುತ್ತಿತ್ತು. ಬಾಯಿ ತೆರೆದು ಕಾಯುವವರನ್ನು ನಾನು ದಿನವೂ ನೋಡುತ್ತೇನೆ, ಆದರೆ ಅವರನ್ನು ಹಾಗೆ ನೋಡಲು ನನ್ನಿಂದಾಗಲಿಲ್ಲ.

ಹಾಗಾಗಿ ಅದನ್ನು ಹೊತ್ತು ತಮ್ಮಲ್ಲಿಗೆ ಮರಳಿ ಬಂದೆ, ಮೂವತ್ನಾಲ್ಕು ಇಂಚಿನದನ್ನು ವಾಪಸ್ ಕೊಟ್ಟು ಮೂವತ್ತು ಇಂಚಿನ ಆ ಗಿಡ್ಡದನ್ನೇ ಕೊಡಿ ಎಂದೆ. ತಂತಿ ಕಂಪಿಸುವಷ್ಟು ಉದ್ದದಲ್ಲಿ ನಾಲ್ಕೇ ನಾಲ್ಕು ಇಂಚು ಕಡಿಮೆ, ಆದರೆ ನನ್ನ ಬೆರಳುಗಳ ಪಾಲಿಗೆ ಆ ನಾಲ್ಕು ಇಂಚು ಪಕ್ಕದ ಊರಿನಷ್ಟು ದೂರ. ತಾವು ಪ್ಲಾಸ್ಟಿಕ್ ತಮಟೆಗಳ ಮತ್ತು ಬಣ್ಣದ ಪೀಪಿಗಳ ನಡುವಿನಿಂದ ಅದನ್ನು ಇಳಿಸಿ, ಧೂಳು ಊದಿ, ಅಂಗಡಿ ತುಂಬ ಗಿರಾಕಿಗಳಿರುವಾಗ ತಮ್ಮ ಆ ದಪ್ಪ ಧ್ವನಿಯಲ್ಲಿ “ಮಗಳಿಗಾ ಮೇಡಂ?” ಎಂದು ಕೇಳಿದಿರಿ. ನನಗೆ ಮಗಳಿಲ್ಲ. ಇದ್ದಿದ್ದರೆ ಅವಳನ್ನು ಪೀಪಿಯ ಸಾಲಿಗೆ ಖಂಡಿತ ಕಳಿಸುತ್ತಿರಲಿಲ್ಲ. ಮುಖ ಕೆಂಪಾದರೂ ನಾನು ನಕ್ಕೆ, ಏಕೆಂದರೆ ಅದನ್ನು ತೊಡೆಯ ಮೇಲಿಟ್ಟುಕೊಂಡ ಕೂಡಲೇ ನನ್ನ ನಾಲ್ಕು ಬೆರಳೂ ನಾಲ್ಕು ಮನೆಗಳಲ್ಲಿ ಆರಾಮವಾಗಿ ಕೂತುಬಿಟ್ಟಿದ್ದವು. ಐವತ್ತು ವರ್ಷದಲ್ಲಿ ಯಾವ ಕುರ್ಚಿಯೂ, ಯಾವ ಕೋಟೂ, ಯಾವ ಅಡುಗೆಮನೆಯ ಕಪಾಟೂ ನನ್ನ ಅಳತೆಗೆ ಮಾಡಿದಂತೆ ಕಂಡಿರಲಿಲ್ಲ, ಇದೊಂದು ಕಂಡಿತು. ನನಗಾದ ಸಂತೋಷವನ್ನು ತಮ್ಮ ಮುಂದೆ ತೋರಿಸಿಕೊಳ್ಳಬಾರದೆಂದು ಕಿಟಕಿಯ ಕಡೆ ತಿರುಗಿ ಕೂತೆ.

ಇಷ್ಟಕ್ಕೇ ತಾವು ನಿಲ್ಲಿಸಿದ್ದರೆ ಈ ಪತ್ರ ಧನ್ಯವಾದದ ಪತ್ರವಾಗುತ್ತಿತ್ತು. ಆದರೆ ಔದಾರ್ಯದಲ್ಲಿ ತಾವು ಎತ್ತಿದ ಕೈ. ಅದರ ತಂತಿಗಳು ತುಕ್ಕು ಹಿಡಿದಿವೆಯೆಂದು ನಾನು ಕೇಳುವ ಮೊದಲೇ ತಾವೇ ಹೊಸ ತಂತಿ ಹಾಕಿಕೊಟ್ಟಿರಿ, ಅದೂ ಪುಕ್ಕಟೆಯಾಗಿ. ಅವು ಉದ್ದನೆಯ ವಾದ್ಯದ ತಂತಿಗಳಲ್ಲವೇ ಎಂದು ನಾನು ಕೇಳಿದ್ದು ಹೌದು. “ತಂತಿ ತಂತಿನೇ ಮೇಡಂ, ಹೆಚ್ಚಾಗಿದ್ದನ್ನ ಕತ್ತರಿಸಿದ್ರಾಯ್ತು” ಎಂದು ತಾವು ಕಚಕ್ಕೆಂದು ಕತ್ತರಿಸಿದ್ದೂ ಹೌದು. ನನಗೆ ಕಾಲುಚೀಲವೂ ಹೀಗೆಯೇ ಒಂದೇ ಅಳತೆಯಲ್ಲಿ ಸಿಗುವುದರಿಂದ ಸುಮ್ಮನಾದೆ.

ಇನ್ನು ಆ ಸಂಜೆಗೆ ಬರುತ್ತೇನೆ. ನಮ್ಮ ಬಡಾವಣೆಯ ಸಂಘದ ಸಭಾಂಗಣ, ಬೀದಿಯ ಜನರೆಲ್ಲ ಕುರ್ಚಿ ತುಂಬಿ ಕೂತಿದ್ದಾರೆ, ಮುಂದಿನ ಸಾಲಿನಲ್ಲಿ ತಾವು. ಬಹಳ ವರ್ಷಗಳ ಮೇಲೆ ಚಿಕ್ಕಮ್ಮ ಜನರ ಮುಂದೆ ಹಾಡಲು ಒಪ್ಪಿದ್ದರು. ನನ್ನ ಗಿಟಾರಿನ ಸದ್ದು ಹೊರಡಿಸುವ ಆಂಪಿನ ಪೆಟ್ಟಿಗೆಯ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡು, ಆ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಮನೆಯಲ್ಲಿ ಅಭ್ಯಾಸ ಮಾಡಿದಂತೆಯೇ ನನ್ನ ಸ್ವರ ಹಿಡಿದುಕೊಂಡು ಶುರುಮಾಡಿದರು. ಮೊದಲ ಚರಣಕ್ಕೆ ಸಭಾಂಗಣ ನಿಶ್ಶಬ್ದವಾಯಿತು. ಅಣ್ಣ ಕೂಡ ಬ್ರೇಕ್ ಒತ್ತುವುದನ್ನು ಮರೆತ. ಅಷ್ಟರಲ್ಲಿ ತಾವು ಹಾಕಿಕೊಟ್ಟ ದಪ್ಪ ತಂತಿಗಳು ಒಂದೊಂದಾಗಿ, ಯಾರಿಗೂ ಹೇಳದೆ ಕೇಳದೆ, ಸಡಿಲಾಗಿ ಕೆಳಗಿಳಿಯಲಾರಂಭಿಸಿದವು. ನನ್ನ ಕಣ್ಣು ಬೆರಳ ಮೇಲೆ, ಪ್ರಾಣ ಬಾಯಲ್ಲಿ, ಹೊಸಬಳಾದ ನನಗೆ ಅದು ತಿಳಿಯಲೇ ಇಲ್ಲ. ತಂತಿ ಇಳಿಯಿತು, ಅದರ ಕೈ ಹಿಡಿದು ಚಿಕ್ಕಮ್ಮನೂ ಇಳಿದರು. ಕೂದಲೆಳೆಯಷ್ಟೂ ಅತ್ತಿತ್ತ ಆಗದೆ, ತಪ್ಪು ಸ್ವರಕ್ಕೆ ಅಷ್ಟು ಸರಿಯಾಗಿ ಹಾಡಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೇಲೆ ಅತ್ತಿಗೆಯ ಕೀಬೋರ್ಡ್ ಇದ್ದಲ್ಲೇ ಇತ್ತು, ಕೆಳಗೆ ನಾವಿಬ್ಬರು ಹೊಂದಿಕೊಂಡು ಬೇರೆ ಸಂಸಾರ ಹೂಡಿದ್ದೆವು. ಜನರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನೆಲ ನೋಡಿದರು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಚಿಕ್ಕಮ್ಮನಿಗೆ ಕಿಸಕ್ಕೆಂದದ್ದು ಕೇಳಲಿಲ್ಲ, ಅದು ಸಣ್ಣ ಸದ್ದು. ಆದರೆ ಮುಖಗಳನ್ನು ಓದುವುದು ಅವರಿಗೆ ಗಿರಣಿಯಲ್ಲೇ ಕರಗತ. ಹಾಡು ಮುಗಿಸಿ ಕೆಳಗಿಳಿದರು. ಆಗ ಬಾಗಿಲ ಬಳಿ ತಾವು ಎದುರಾಗಿ, ಮನೆಯ ಮಗನಂತೆ ಅವರ ಕೈ ಹಿಡಿದು, ಈ ಪತ್ರಕ್ಕೆ ಕಾರಣವಾದ ಮಾತನ್ನು ಹೇಳಿದಿರಿ: “ವಯಸ್ಸಾಯ್ತಲ್ಲ ಅಮ್ಮ, ಕಿವಿ ಕೈಕೊಡುತ್ತೆ. ಇನ್ನು ಆರಾಮಾಗಿರಿ, ಹಾಡು ಗೀಡು ಯಾಕೆ?”

ತಾವು ಸದುದ್ದೇಶದಿಂದಲೇ ಹೇಳಿದಿರಿ, ಬಲ್ಲೆ. ಅತ್ತಿಗೆ ಚೆನ್ನಾಗಿತ್ತು ಅಂದಳು, ಕೇಳಲಿಲ್ಲ. ನಾನು ಅಂದೆ, ಕೇಳಲಿಲ್ಲ. ಪಕ್ಕದ ಮನೆಯಾಕೆ ಕಿವಿಯ ಹತ್ತಿರವೇ ಬಾಯಿಟ್ಟು ಏನೋ ಅಂದರು, ಅದೂ ಕೇಳಲಿಲ್ಲ. ತಮಗೆ ಮಾತ್ರ ದೇವರು ದಪ್ಪ ಧ್ವನಿ ಕೊಟ್ಟಿದ್ದಾನೆ. ಅಷ್ಟು ಜನರ ನಡುವೆ ಆ ಸಂಜೆ ಚಿಕ್ಕಮ್ಮನ ಕಿವಿಗೆ ಒಂದಕ್ಷರವೂ ಬಿಡದೆ ಬಿದ್ದದ್ದು ತಮ್ಮೊಬ್ಬರ ಮಾತು.

ಮಾರನೆಯ ದಿನ ಚಿಕ್ಕಮ್ಮ ಹಾಡಿನ ಮೈಕನ್ನು ಬಟ್ಟೆಯಲ್ಲಿ ಒರೆಸಿ, ವೈರು ಸುತ್ತಿ, ಅಣ್ಣನ ಕೈಗಿತ್ತು, ನಿನ್ನ ಶಾಲೆಯಲ್ಲಿ ಕಲಿಯುವವರನ್ನು ಬೈಯುವುದಕ್ಕೆ ಇಟ್ಟುಕೋ ಎಂದರು. ಅಣ್ಣ ಅದನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆವತ್ತಿನಿಂದ ಚಿಕ್ಕಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಎದುರಾಗಿಯೇ ನಿಲ್ಲುತ್ತಾರೆ, ಬೆನ್ನು ಕೊಡುವುದಿಲ್ಲ, ಬಾಯಿಯನ್ನೂ ತೆರೆಯುವುದಿಲ್ಲ. ಫ್ರಿಜ್ಜು ಒಂದೇ ತನ್ನ ಪಾಡಿಗೆ ಗುಂಯ್‌ಗುಡುತ್ತಿರುತ್ತದೆ.

ಆಗ ನಾನು ವೃತ್ತಿಯಿಂದ ಮಾಡಬಲ್ಲ ಒಂದೇ ಕೆಲಸವನ್ನು ಮಾಡಿದೆ. ಹಲ್ಲಿನ ಹಿಂಬದಿ ನೋಡುವ ಪುಟ್ಟ ಕನ್ನಡಿಯನ್ನೂ ತಲೆಗೆ ಕಟ್ಟುವ ದೀಪವನ್ನೂ ತಂದು, ಆ ಗಿಟಾರನ್ನು ರೋಗಿಗಳ ಕುರ್ಚಿಯಲ್ಲಿ ಮಲಗಿಸಿ, ತಂತಿ ಸುತ್ತುವ ಬಿರಡೆಗಳ ಸುತ್ತಮುತ್ತ ಇಣುಕಿದೆ. ಬೇಸ್ ಗಿಟಾರಿನ ತಂತಿ ತುದಿಗೆ ಹೋದಂತೆ ತೆಳುವಾಗಬೇಕು ಮತ್ತು ಆ ತೆಳು ಭಾಗವೇ ಬಿರಡೆಗೆ ಸುತ್ತಿಕೊಳ್ಳಬೇಕು ಎಂಬುದು ತಮಗೆ ತಿಳಿದೇ ಇರಬೇಕು, ತಾವು ಅಂಗಡಿಯ ಯಜಮಾನರು. ಉದ್ದನೆಯ ವಾದ್ಯದ ತಂತಿಯನ್ನು ಗಿಡ್ಡದಕ್ಕೆ ಹಾಕಿ ಕತ್ತರಿಸಿದರೆ ಕತ್ತರಿಯ ಪಾಲಾಗುವುದು ಆ ತೆಳು ತುದಿಯೇ. ಉಳಿದ ದಪ್ಪ ಭಾಗ ಬಿರಡೆಯ ಮೇಲೆ ಕೂರಲಾರದೆ, ಒಂದರ ಮೇಲೊಂದು ಹತ್ತಿ, ಜಾಗ ಸಾಲದ ಬಸ್ಸಿನ ಪ್ರಯಾಣಿಕರ ಹಾಗೆ ಒತ್ತರಿಸಿಕೊಂಡು ನಿಂತಿತ್ತು. ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆಯೇ ಅದು ಇನ್ನೊಂದಿಷ್ಟು ಜಾರಿತು. ಬೇರೆ ಊರಿನಿಂದ ಮೂವತ್ತು ಇಂಚಿಗೆಂದೇ ಮಾಡಿದ ತಂತಿ ತರಿಸಿ ಹಾಕಿದೆ. ಈಗ ನಾನು ಎಷ್ಟು ಬಾರಿಸಿದರೂ ಅದು ಇದ್ದ ಶ್ರುತಿ ಬಿಟ್ಟು ಅಲುಗುವುದಿಲ್ಲ.

ಓಡಿಹೋಗಿ ಚಿಕ್ಕಮ್ಮನಿಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ಬಿಡಿಸಿ ಹೇಳಿದೆ, ಹಳೆಯ ತಂತಿ ತೋರಿಸಿದೆ, ಕನ್ನಡಿ ತೋರಿಸಿದೆ. ಅವರು ನನ್ನ ಕೆನ್ನೆ ತಟ್ಟಿ ನಕ್ಕರು. “ನನ್ನ ಕಿವಿ ಹೋಯ್ತು ಅನ್ನೋಕೆ ನಿನಗೆ ಬಾಯಿ ಬರ್ತಿಲ್ಲ, ಪಾಪ ಗಿಟಾರಿನ ಮೇಲೆ ಹಾಕ್ತಿದೀಯ. ಅಂಗಡಿಯವರೇ ಹೇಳಿದಾರಲ್ಲ ಪುಟ್ಟಿ, ಅವರಿಗಿಂತ ನಿನಗೆ ಗೊತ್ತಾ?” ಎಂದರು. ಗೊತ್ತು ಎಂದೆ. ಅವರಿಗೆ ಕೇಳಿಸಲಿಲ್ಲ, ನನ್ನದು ಸಣ್ಣ ಧ್ವನಿ.

ಆದಕಾರಣ ಮಾನ್ಯರಲ್ಲಿ ಕೆಲವು ವಿನಂತಿಗಳನ್ನು ಸಲ್ಲಿಸುತ್ತಿದ್ದೇನೆ. ತಮ್ಮ ಅಂಗಡಿಯ ಬಾಗಿಲಲ್ಲಿ ಚಪ್ಪಲಿಯಂಗಡಿಯಲ್ಲಿರುವಂಥ ಒಂದು ಅಳತೆಯ ಪಟ್ಟಿಯನ್ನಿಟ್ಟು ಬಂದವರ ಅಂಗೈಯನ್ನು ಅಳೆಯತಕ್ಕದ್ದು. ನಮ್ಮ ಮನೆಯ ಮೇಜಿನ ದೀಪದ ಆತ್ಮಕ್ಕೆ ಶಾಂತಿ ಕೋರಿ ತಾವು ಎದ್ದು ನಿಂತು ಮೌನ ಆಚರಿಸತಕ್ಕದ್ದು. ಗಿಡ್ಡ ಬೇಸ್ ಗಿಟಾರುಗಳನ್ನು ಪೀಪಿಗಳ ಸಹವಾಸದಿಂದ ಬಿಡಿಸಿ ದೊಡ್ಡವರ ಗೋಡೆಗೆ ವರ್ಗಾಯಿಸತಕ್ಕದ್ದು, ಮತ್ತು ಬೆಳೆಯದ ಕೈಯುಳ್ಳ ನಮ್ಮಂಥವರು ಒಳಗೆ ಬಂದಾಗ, ದಯವಿಟ್ಟು, ಮಕ್ಕಳ ವಿಷಯ ಎತ್ತಬಾರದು. ಇವುಗಳಲ್ಲಿ ಒಂದನ್ನೂ ತಾವು ನಡೆಸಿಕೊಡುವುದಿಲ್ಲವೆಂದು ನನಗೆ ಗೊತ್ತು, ಬೇಜಾರಿಲ್ಲ.

ನನಗೆ ಬೇಕಾಗಿರುವುದು ಒಂದೇ. ಬರುವ ಭಾನುವಾರ ಮಧ್ಯಾಹ್ನ, ಕ್ಲಿನಿಕ್ ಮುಚ್ಚಿರುವಾಗ, ಕಾಯುವ ಕೋಣೆಯಲ್ಲಿ ನಾವು ಅಭ್ಯಾಸಕ್ಕೆ ಸೇರುತ್ತೇವೆ. ಚಿಕ್ಕಮ್ಮ ಹಾಡಲು ಬರುವುದಿಲ್ಲ ಎಂದಿದ್ದಾರೆ, ಕುರ್ಚಿಗಳನ್ನು ಒರೆಸಿಕೊಡಲು ಬರುತ್ತೇನೆ ಎಂದಿದ್ದಾರೆ. ತಾವು ಮಹಡಿ ಹತ್ತಿ ಬಂದು, ಅವರ ಎದುರು ನಿಂತು, ಆ ಸಂಜೆಯ ಅದೇ ದಪ್ಪ ಧ್ವನಿಯಲ್ಲಿ ಒಂದು ಮಾತು ಹೇಳಬೇಕು: ತಪ್ಪಿದ್ದು ನಿಮ್ಮ ಕಿವಿಯಲ್ಲ ಅಮ್ಮ, ನಾನು ಹಾಕಿದ ತಂತಿ. ಹೆಚ್ಚಿಗೆ ಏನೂ ಬೇಡ. ಕ್ಷಮೆ ಕೇಳುವುದೂ ಬೇಡ, ಹೂವು ಹಣ್ಣು ಯಾವುದೂ ಬೇಡ. ಈ ಮಾತನ್ನು ನಾನು ಸಾವಿರ ಸಲ ಹೇಳಿದರೂ ಅವರಿಗೆ ಅದು ಸಮಾಧಾನದ ಮಾತು, ತಾವು ಒಂದು ಸಲ ಹೇಳಿದರೆ ಅದು ನಿಜ. ನನಗೆ ಇದರಿಂದ ಎಷ್ಟು ಹೊಟ್ಟೆ ಉರಿಯುತ್ತದೆ ಎಂಬುದನ್ನು ಸಭ್ಯ ಭಾಷೆಯಲ್ಲಿ ಬರೆಯಲು ಬರುವುದಿಲ್ಲವಾದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ. ಅಣ್ಣ ಮೈಕನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ಬರುತ್ತಾನೆ.

ತಮ್ಮ ಬಾಯಿಯ ಮೂಲೆಮೂಲೆಯನ್ನೂ ಬಲ್ಲ,
ತಮ್ಮ ವಿಶ್ವಾಸಿ,
ಎದುರು ಮಹಡಿಯ ದಂತವೈದ್ಯೆ

ತಾ.ಕ.: ಸೋಮವಾರ ಬೆಳಗ್ಗೆ ತಮ್ಮ ಆ ಕೊನೆಯ ಹಲ್ಲಿನ ಬೇರಿನ ಚಿಕಿತ್ಸೆಗೆ ಸಮಯ ಗೊತ್ತಾಗಿದೆ. ಭಾನುವಾರ ತಾವು ಬಂದು ಹೋದರೆ ಎಂದಿನಂತೆ ನನ್ನ ಈ ಚಿಕ್ಕ ಕೈಯೇ ತಮ್ಮ ಸೇವೆಗೆ ಸಿದ್ಧವಿರುತ್ತದೆ. ಬಾರದಿದ್ದರೆ, ಹೊಸದಾಗಿ ಸೇರಿರುವ ನನ್ನ ಸಹಾಯಕ ವೈದ್ಯರು ನೋಡಿಕೊಳ್ಳುತ್ತಾರೆ. ಬಹಳ ಒಳ್ಳೆಯವರು, ಮೊದಲು ಕುಸ್ತಿ ಆಡುತ್ತಿದ್ದರಂತೆ, ಅವರ ಕೈಗೆ ನಮ್ಮಲ್ಲಿರುವ ಯಾವ ಕೈಗವಸೂ ಹಿಡಿಸಿಲ್ಲ. ಅಷ್ಟು ದೊಡ್ಡ ಕೈ ಒಳಗೆ ಹೇಗೆ ಹೋದೀತೆಂದು ತಾವು ಗಾಬರಿಯಾಗುವುದು ಬೇಡ. ಪರವಾಗಿಲ್ಲ ಸಾರ್, ಬಾಯಿ ಬೆಳೆಯುತ್ತೆ.